ನಂದಿಬೆಟ್ಟದ ಏರು

ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿಬೆಟ್ಟವನ್ನು ನಡೆದು, ಓಡಿ ಅಥವಾ ಸೈಕಲ್ ತುಳಿದು ಹತ್ತುವ ರೂಢಿಯಿದೆ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಇಂದು ಈ ರೂಢಿ ಸಮಯ ನೋಡಿಕೊಂಡು ಏರುವ ಆಟವಾಗಿದ್ದರೂ ಇದರ ಬೇರು ಭಕ್ತಿಯಲ್ಲಿದೆ.

ತಪ್ಪಲಿನ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ. ಕೆಳಗಿನ ಗುಡಿಯ ಇತಿಹಾಸ ಒಂಬತ್ತನೆಯ ಶತಮಾನದ ಆರಂಭಕ್ಕೆ ಹೋಗುತ್ತದೆ. ಕೆಳಗಿನ ದೇವರಿಗೆ ಕೈಮುಗಿದವರು ಮೇಲಿನವನನ್ನೂ ಕಾಣಲು ಹತ್ತುತ್ತ ಬಂದರು. ಶಿವರಾತ್ರಿಯಲ್ಲಿ ಇಲ್ಲಿ ತೇರು, ದನಗಳ ಜಾತ್ರೆ. ಆಷಾಢದ ಸೋಮವಾರ ನಡೆಯುವ ಗಿರಿ ಪ್ರದಕ್ಷಿಣೆಯಲ್ಲಿ ಜನ ಭಜನೆ ಮಾಡುತ್ತ ಇಡೀ ಬೆಟ್ಟವನ್ನು ಸುತ್ತುತ್ತಾರೆ. ಅಲ್ಲಿ ಮೊದಲು ಮುಟ್ಟಿದವರು, ಕೊನೆಗೆ ಮುಟ್ಟಿದವರು ಎಂಬ ಲೆಕ್ಕವಿಲ್ಲ.

ಬೆಟ್ಟ ಹತ್ತುವುದನ್ನೇ ಪಂದ್ಯವಾಗಿಸಿದ ಇಂಗ್ಲೆಂಡಿನ ಹಳ್ಳಿ ಜಾತ್ರೆಗಳ ದಾರಿ ಬೇರೆ. ಲೇಕ್ ಡಿಸ್ಟ್ರಿಕ್ಟಿನ ಗ್ರಾಸ್‌ಮಿಯರ್ ಕ್ರೀಡಾಮೇಳದಲ್ಲಿ ಬೆಟ್ಟದ ಮಾರ್ಗದರ್ಶಿಗಳೇ ಎದುರಿನ ಗುಡ್ಡದ ತುದಿ ಮುಟ್ಟಿ ಇಳಿದು ಬರುವ ಪಂದ್ಯ 19ನೆಯ ಶತಮಾನದಲ್ಲೇ ಬೇರೂರಿತು. ಮೈದಾನದಲ್ಲಿ ನಿಂತವರಿಗೆ ಇಡೀ ಓಟ ಕಣ್ಣೆದುರೇ ಕಾಣುತ್ತದೆ. ನಮ್ಮ ಜಾತ್ರೆಗಳಲ್ಲಿ ಜನರ ಕಣ್ಣು ತೇರಿನ ಮೇಲೆ, ಹೋರಿಗಳ ಮೇಲೆ. ಜಾತ್ರೆಯಲ್ಲಿ ಬೆಟ್ಟ ಪಂದ್ಯದ ಕಣವಾಗಲಿಲ್ಲ.

ಈ ಏರಿನ ಅತ್ಯಂತ ಕಠೋರ ಅಧ್ಯಾಯ 1791ರದು. ಬೆಟ್ಟದ ಮೇಲಿನ, ಗಂಗರ ಕಾಲದ್ದೆನ್ನುವ ಕೋಟೆಯನ್ನು ಚಿಕ್ಕಬಳ್ಳಾಪುರದ ಪಾಳೆಯಗಾರರು ವಿಸ್ತರಿಸಿದ್ದರು. ಹೈದರ್ ಮತ್ತು ಟಿಪ್ಪು ಅದನ್ನು ಬಲಪಡಿಸಿದ್ದರು. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ ಇದನ್ನು ಮುತ್ತಿತು. ಸುತ್ತ ಕಡಿದಾದ ಬಂಡೆ, ಒಂದೇ ಮಗ್ಗುಲಲ್ಲಿ ಹತ್ತಲು ದಾರಿ. ಆ ಇಳಿಜಾರಿನಲ್ಲೇ ತೋಪುಗಳನ್ನು ಎಳೆದೇರಿಸಿದರು. ಸುಮಾರು ಮೂರು ವಾರಗಳ ಬಳಿಕ, ಅಕ್ಟೋಬರ್ 19ರ ರಾತ್ರಿ ಒಡೆದ ಗೋಡೆಯ ಕಂಡಿಯತ್ತ ಸೈನಿಕರು ನುಗ್ಗಿ ಏರಿದರು. ಮೇಲಿನಿಂದ ಕೋಟೆಯವರು ಬಂಡೆಗಳನ್ನು ಉರುಳಿಸಿದರು. ಇಲ್ಲಿ ಏರಿದವರಿಗೆ ಗೆಲುವು ಸಿಕ್ಕಿತು, ಕೋಟೆ ಮೈಸೂರಿನ ಕೈತಪ್ಪಿತು. ಬೆಟ್ಟ ನೋಡಲು ಹೋದವರು ಮುಂಜಾನೆಯ ಮಂಜಿನ ಜೊತೆ ಈ ರಾತ್ರಿಯನ್ನೂ ನೆನೆಯಬೇಕು.

ಮುಂದೆ ಮೈಸೂರಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಮೇಲೆ ಬಂಗಲೆ ಕಟ್ಟಿಸಿಕೊಂಡ. ಬೆಟ್ಟ ಬೇಸಿಗೆಯ ತಂಗುದಾಣವಾಯಿತು. 1986ರ ಸಾರ್ಕ್ ಶೃಂಗಸಭೆಯ ನಾಯಕರೂ ಇಲ್ಲಿ ಸೇರಿದ್ದರು.

ವಾಹನಗಳಿಗೆಂದು ಮಾಡಿದ ತಿರುವು ರಸ್ತೆಯನ್ನು ಸೈಕಲ್ಲಿನವರು ತಮ್ಮದಾಗಿಸಿಕೊಂಡಿದ್ದು ಇತ್ತೀಚೆಗೆ. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನ ಸ್ಪರ್ಧೆಗಳಲ್ಲಿ ನಂದಿಯ ಏರು ಹೆಸರಾಂತ ಪರೀಕ್ಷೆ. ಬೆಂಗಳೂರಿನ ಸವಾರ ತನ್ನ ಕಾಲಿನ ಕಸುವನ್ನು ಅಳೆಯುವುದು ಈ ರಸ್ತೆಯಲ್ಲೇ. ಕೊನೆಯ ತಿರುವುಗಳಲ್ಲಿ ಗೇರು ಇಳಿಸಿದರೂ ಉಸಿರು ಸಾಲದು. 2021ರ ಆಗಸ್ಟಿನಲ್ಲಿ ಮಳೆಗೆ ಗುಡ್ಡ ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು.

ರಸ್ತೆಗಿಂತ ಹಳೆಯದಾದ ಮೆಟ್ಟಿಲು ದಾರಿ ಸುಲ್ತಾನ್‌ಪೇಟೆಯ ಕಡೆಯಿಂದ ಮೇಲೇರುತ್ತದೆ. ಅದರಲ್ಲಿ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ನಂದಿಯನ್ನು ಅರಿಯಬೇಕೆನ್ನುವವರು ಒಮ್ಮೆಯಾದರೂ ಕಾರನ್ನು ಕೆಳಗೇ ಬಿಟ್ಟು ಈ ದಾರಿಯಲ್ಲಿ ಹತ್ತಬೇಕು.