ವಿಭೂತಿಹಳ್ಳಿಯ ಕಲ್ಲುಸಾಲುಗಳು: ಟೇಲರನ ಡ್ರೂಯಿಡರಿಂದ ಅಯನಾಂತದ ಸೂರ್ಯನವರೆಗೆ

ಯಾದಗಿರಿಯ ಕೋಟೆ, ಸುರಪುರದ ವೇಣುಗೋಪಾಲಸ್ವಾಮಿ ಗುಡಿ ಮತ್ತು ಟೇಲರ್ ಮಂಜಿಲ್, ವಾಗಣಗೇರಿಯ ಕೋಟೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಇವು ಈ ಸೀಮೆಗೆ ಬಂದವರು ತಪ್ಪದೆ ನೋಡುವ ಸ್ಥಳಗಳು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳು ಈ ಪಟ್ಟಿಯ ಕೊನೆಗೆ ಸೇರಿಕೊಂಡಾಗ, ಅವು ಪ್ರಾಚೀನರ ಖಗೋಳ ವೀಕ್ಷಣಾಲಯವೆಂಬ ವಿವರಣೆಯೂ ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ಈ ವಿವರಣೆ ಯಾವ ಸಾಕ್ಷ್ಯದ ಮೇಲೆ ನಿಂತಿದೆ, ಆ ಸಾಕ್ಷ್ಯ ಎಷ್ಟು ಭಾರ ತಾಳಬಲ್ಲದು ಎಂಬುದು ಪ್ರಸ್ತುತ ಲೇಖನದ ವಿಷಯ.

ಈ ಸೀಮೆಯ ಬೃಹತ್ ಶಿಲಾ ನೆಲೆಗಳ, ಅಂದರೆ ದೊಡ್ಡ ಬಂಡೆಗಳನ್ನು ನಿಲ್ಲಿಸಿಯೋ ಜೋಡಿಸಿಯೋ ಮಾಡಿದ ಇತಿಹಾಸಪೂರ್ವ ರಚನೆಗಳ, ಅಧ್ಯಯನವನ್ನು ಆರಂಭಿಸಿದವನು 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ರಾಜಕೀಯ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರ್. ರಾಜನಕೋಳೂರಿನ ಶಿಲಾಕೋಣೆಗಳನ್ನೂ ಜೇವರ್ಗಿಯ ಕಲ್ಲುಗುಪ್ಪೆಗಳನ್ನೂ ವಿಭೂತಿಹಳ್ಳಿಯ ಸಾಲುಗಳನ್ನೂ ವಿದ್ವತ್ಪತ್ರಿಕೆಗಳಿಗೆ ಪರಿಚಯಿಸಿದ ಶ್ರೇಯ ಅವನದೇ ಆದರೂ, ಅವೆಲ್ಲವನ್ನೂ ಸಿಥಿಯನ್, ಡ್ರೂಯಿಡ್, ಕೆಲ್ಟಿಕ್ ಎಂಬ ಹೆಸರುಗಳಡಿ ತಂದು, ಕೃಷ್ಣಾ-ಭೀಮಾ ನಡುವಣ ನೆಲದ ಜನರ ಕೆಲಸವನ್ನು ಯುರೋಪಿನ ಪ್ರಾಚೀನ ಪುರೋಹಿತರಾದ ಡ್ರೂಯಿಡರಂಥವರ ಲೆಕ್ಕಕ್ಕೆ ಜಮಾ ಮಾಡಿದವನೂ ಅವನೇ. ಜೇವರ್ಗಿಯ ಗುಪ್ಪೆಗಳಲ್ಲಿ ರುಂಡ ಬೇರೆಯಾದ ಅಸ್ಥಿಗಳು ಸಿಕ್ಕೊಡನೆ ಅವನು ನರಬಲಿಯ ತೀರ್ಮಾನಕ್ಕೆ ಬಂದದ್ದು ಈ ಓದಿನ ಫಲವೇ. ಶವವನ್ನು ಮೊದಲು ಬೇರೆಡೆ ಇಟ್ಟು, ಬಳಿಕ ಮೂಳೆಗಳನ್ನಷ್ಟೆ ಆಯ್ದು ತಂದು ಹೂಳುವ ಎರಡನೆಯ ಹಂತದ ಸಂಸ್ಕಾರ ದಕ್ಷಿಣ ಭಾರತದ ಬೃಹತ್ ಶಿಲಾ ಗೋರಿಗಳಲ್ಲಿ ಚೆನ್ನಾಗಿ ತಿಳಿದಿರುವುದರಿಂದ, ಬಿಡಿಯಾದ ರುಂಡವೊಂದೇ ಬಲಿಗೆ ಪುರಾವೆಯಾಗದು. ಹಾಗೆಂದು ಟೇಲರನ ಅಗೆತವನ್ನೂ ತಳ್ಳಿಹಾಕುವುದು ಅನ್ಯಾಯ. ಗುಪ್ಪೆಯನ್ನು ಉದ್ದಕ್ಕೆ ಸೀಳಿ, ಮಣ್ಣಿನ ಪದರ, ಕಲ್ಲು, ಮೂಳೆಗಳು ಇದ್ದ ಸ್ಥಾನವನ್ನು ಅವನು ಬರೆದಿಟ್ಟ ಛೇದಚಿತ್ರಗಳನ್ನು ಪುರಾತತ್ವಜ್ಞ ಮಾರ್ಟಿಮರ್ ವೀಲರನಂಥ ಕಟುವಿಮರ್ಶಕನೇ ಒಂದು ಶತಮಾನದ ನಂತರ ಮೆಚ್ಚಿಕೊಂಡಿದ್ದಾನೆ.

ಡ್ರೂಯಿಡರನ್ನು ಇಂದು ಯಾರೂ ನಂಬುವುದಿಲ್ಲ. ಅವರು ಖಾಲಿ ಮಾಡಿದ ಜಾಗದಲ್ಲಿ ಈಗ ಸೂರ್ಯ ಬಂದು ಕುಳಿತಿದ್ದಾನೆ. ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1956ರಲ್ಲಿ ಆಗಿನ ಹೈದರಾಬಾದ್ ರಾಜ್ಯದ ದಕ್ಷಿಣ ಭಾಗದ ಕಲ್ಲುಸಾಲುಗಳನ್ನು ಒಟ್ಟಾಗಿ ಪರಿಶೀಲಿಸಿ, ಅವುಗಳ ವಿನ್ಯಾಸದಲ್ಲಿ ಚೌಕಮನೆಯ ಮತ್ತು ಕರ್ಣರೇಖೆಯ ಎರಡು ಬಗೆಗಳನ್ನು ಗುರುತಿಸಿದ್ದರು. 1993ರಲ್ಲಿ ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್ ವಿಭೂತಿಹಳ್ಳಿಯ ಸಾಲುಗಳ ದಿಕ್ಕನ್ನು ಸೂರ್ಯನ ಉದಯಾಸ್ತಗಳೊಂದಿಗೆ ತಾಳೆ ನೋಡಿದರು. ಸಾಲುಗಳನ್ನು ಸೂರ್ಯನಿಗೆ ಗುರಿಯಿಟ್ಟು ನೆಟ್ಟರೇ ಎಂಬ ಅವರ ಪ್ರಶ್ನೆ ಯೋಗ್ಯವಾದದ್ದೇ. (ಅದನ್ನು ಪ್ರಶ್ನೆಯೆಂದು ಓದದೆ ಉತ್ತರವೆಂದೇ ಹಂಚುತ್ತ ಬಂದವರ ಬಗ್ಗೆ ಅದೇ ಮಾತು ಹೇಳಲಾಗದು.)

ಇಲ್ಲಿ ತೊಡಕು ಇರುವುದು ಚೌಕಮನೆಯ ಜ್ಯಾಮಿತಿಯಲ್ಲಿ. ಶಹಾಪುರ ಇರುವ ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಯನಾಂತದಂದು, ಅಂದರೆ ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಅತಿ ದೂರ ಸರಿದು ಮರಳುವ ದಿನ, ಸೂರ್ಯೋದಯವಾಗುವುದು ನೇರ ಪೂರ್ವದಿಂದ ಸುಮಾರು 24.5 ಡಿಗ್ರಿ ಆಚೆ. ಮೂರು ಸಾವಿರ ವರ್ಷಗಳ ಹಿಂದೆಯೂ ಈ ಅಂಕಿ ಅರ್ಧ ಡಿಗ್ರಿಯಷ್ಟೂ ಬೇರೆಯಾಗಿರಲಿಲ್ಲ. ಈಗ ಯಾರೋ ಒಬ್ಬರು ಆಕಾಶದ ಗೊಡವೆಗೇ ಹೋಗದೆ, ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣಕ್ಕೆ ಹಗ್ಗ ಹಿಡಿದು ಸಮಾನ ಅಂತರದಲ್ಲಿ ಕಲ್ಲು ನೆಟ್ಟರೆಂದು ಭಾವಿಸಿದರೆ, ಆ ಹಾಸಿನಲ್ಲಿ ಪೂರ್ವಕ್ಕೆ ಎರಡು ಮನೆ, ಉತ್ತರಕ್ಕೆ ಒಂದು ಮನೆ ಸರಿದ ಕಲ್ಲುಗಳನ್ನು ಕೂಡಿಸುವ ರೇಖೆ 26.6 ಡಿಗ್ರಿಯ ಕೋನ ಮಾಡುತ್ತದೆ. ಪ್ರತಿ ಚೌಕದ ನಡುವೆ ಇನ್ನೊಂದು ಕಲ್ಲು ಬರುವ ಕರ್ಣವಿನ್ಯಾಸದಲ್ಲೂ ಈ ರೇಖೆ ಹಾಗೆಯೇ ಉಳಿಯುತ್ತದೆ. ಎಂದರೆ ದಿಕ್ಕು ನೋಡಿ ಹಾಕಿದ ಯಾವುದೇ ಚೌಕಮನೆ ಈ ಅಕ್ಷಾಂಶದಲ್ಲಿ ಅಯನಾಂತದ ಸೂರ್ಯನಿಗೆ ಎರಡು ಡಿಗ್ರಿಯ ಆಸುಪಾಸಿನಲ್ಲಿ ತಾನಾಗಿಯೇ ಬೆರಳು ತೋರಿಸುತ್ತದೆ. ಹಗಲಿರುಳು ಸಮವಾಗುವ ವಿಷುವ ದಿನದ ಉದಯವಂತೂ ಅದರ ಪೂರ್ವ-ಪಶ್ಚಿಮ ಸಾಲಿನಲ್ಲೇ ಅಡಕವಾಗಿರುತ್ತದೆ.

ಆ ಎರಡು ಡಿಗ್ರಿಯನ್ನು ಹಿಡಿಯುವಷ್ಟು ಸೂಕ್ಷ್ಮತೆ ಈ ಕಲ್ಲುಗಳಿಗೆ ಇದೆಯೇ ಎಂಬುದು ಮುಂದಿನ ಮಾತು. ವಿಭೂತಿಹಳ್ಳಿಯಲ್ಲಿರುವುದು ಉಳಿಪೆಟ್ಟು ಕಾಣದ ಗುಂಡುಗಳು. ಒಂದು ಮೀಟರು ಅಗಲದ ಗುಂಡನ್ನು ಹತ್ತು ಮೀಟರು ದೂರದಿಂದ ನೋಡಿದರೆ ಅದೊಂದೇ ಸುಮಾರು ಆರು ಡಿಗ್ರಿ ದಿಗಂತವನ್ನು ಮರೆಮಾಡುತ್ತದೆ. ಅದರ ಯಾವ ಅಂಚನ್ನು ಹಿಡಿದು ಅಳೆಯಬೇಕೆಂಬುದು ಅಳೆಯುವವರ ಇಷ್ಟಕ್ಕೆ ಬಿಟ್ಟದ್ದು. ಉದಯದ ಕಡೆ ಬೆಟ್ಟವೊಂದು ದಿಗಂತದಿಂದ ಮೂರು ಡಿಗ್ರಿ ಎದ್ದಿದ್ದರೆ, ಸೂರ್ಯ ಮೊದಲು ಕಾಣಿಸುವ ಜಾಗವೇ ಸುಮಾರು ಒಂದು ಡಿಗ್ರಿ ದಕ್ಷಿಣಕ್ಕೆ ಸರಿಯುತ್ತದೆ. ಶಹಾಪುರದ ಸುತ್ತ ಬೆಟ್ಟಗಳಿಗೇನೂ ಬರವಿಲ್ಲ. ಮೆಡಿಟರೇನಿಯನ್ನಿನ ಮಾಲ್ಟಾ ದ್ವೀಪದ ಮ್ನಾಯ್ದ್ರಾದ ದಕ್ಷಿಣ ದೇಗುಲವನ್ನು ಇಲ್ಲಿ ಉದಾಹರಣೆಯಾಗಿ ತರುವವರಿದ್ದಾರೆ. ಅಲ್ಲಿ ಇರುವುದು ಒಂದೇ ಬಾಗಿಲು, ಒಂದೇ ಅಕ್ಷ, ವಿಷುವದ ಬೆಳಕು ಬೀಳುವ ಒಂದೇ ಓಣಿ. ಕಟ್ಟಿದವರು ಆಯ್ದುಕೊಂಡ ದಿಕ್ಕು ಯಾವುದೆಂದು ಅಲ್ಲಿ ಊಹಿಸಬೇಕಿಲ್ಲ. ನೂರಾರು ಗುಂಡುಗಳ ಬಯಲಿನಲ್ಲಿ ಬೇಕಾದ ರೇಖೆಯನ್ನು ಆಯುವವರು ನೋಡುವವರೇ ಹೊರತು ನೆಟ್ಟವರಲ್ಲ.

ಈ ಸೀಮೆಯ ಇತಿಹಾಸಪೂರ್ವ ಕಾಲದ ಬಗ್ಗೆ ನೆಚ್ಚಬಹುದಾದ ತಿಳಿವಳಿಕೆ ಬಹುಮಟ್ಟಿಗೆ ನೆಲದಿಂದಲೇ ಬಂದಿದೆ. ಸುಟ್ಟ ಸಗಣಿಯ ಬೂದಿದಿಬ್ಬಗಳು ದನಗಾರರ ದೊಡ್ಡಿಗಳೆಂಬ ಅಭಿಪ್ರಾಯ ಗಟ್ಟಿಗೊಂಡದ್ದು ಉಟ್ನೂರಿನಲ್ಲಿ ಆಲ್ಚಿನ್, ಕೊಡೇಕಲ್ಲು ಮತ್ತು ಬೂದಿಹಾಳಗಳಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಪದರಪದರವಾಗಿ ಅಗೆದು ನೋಡಿದ್ದರಿಂದ. ಆ ಶಿಸ್ತಿನಿಂದ ನೋಡಿದರೆ ವಿಭೂತಿಹಳ್ಳಿಯಲ್ಲಿ ಮೊದಲು ಕೇಳಬೇಕಾದದ್ದು ಗುಂಡುಗಳ ಬುಡದಲ್ಲಿ ಕುಳಿ ಇದೆಯೇ, ಕುಳಿಯ ಮಣ್ಣಿನಲ್ಲಿ ಯಾವ ಕಾಲದ ಮಡಕೆಚೂರು ಸಿಗುತ್ತದೆ, ಎಲ್ಲ ಸಾಲುಗಳೂ ಒಂದೇ ಕಾಲದವೇ ಎಂಬುದನ್ನು.

ಇಷ್ಟಾದರೂ ಸೂರ್ಯವಾದವನ್ನು ಪರೀಕ್ಷೆಗೆ ಒಡ್ಡುವ ದಾರಿ ಮುಚ್ಚಿಲ್ಲ, ಮತ್ತು ಅದಕ್ಕೆ ದೊಡ್ಡ ಉಪಕರಣಗಳೂ ಬೇಕಿಲ್ಲ. ಗುಂಡು ಗುಂಡಿಗೂ ಇರುವ ಅಡ್ಡಾದಿಡ್ಡಿ ಉದ್ದನೆಯ ಸಾಲಿನಲ್ಲಿ ಸರಾಸರಿಗೆ ಬಂದು ತಗ್ಗುತ್ತದೆ. ಪೂರ್ವಕ್ಕೆ ನೂರು ಮೀಟರು ಸಾಗುವಷ್ಟರಲ್ಲಿ ಬರಿಯ ಚೌಕಮನೆಯ ಓರೆಸಾಲು ಉತ್ತರಕ್ಕೆ 50 ಮೀಟರು ಸರಿದಿರುತ್ತದೆ, ಸಮತಟ್ಟು ದಿಗಂತದ ಅಯನಾಂತ ಸೂರ್ಯನನ್ನು ಗುರಿಯಿಟ್ಟು ನೆಟ್ಟ ಸಾಲು ಸರಿದಿರುವುದು ಸುಮಾರು 45.6 ಮೀಟರು. ಈ ನಾಲ್ಕು ಮೀಟರು ಚಿಲ್ಲರೆಯ ವ್ಯತ್ಯಾಸ ಅಳತೆಪಟ್ಟಿಗೆ ಸಿಗುವಂಥದ್ದೇ.