ಖಜಾನೆಯ ಕೀಲಿಕೈ ಇಲ್ಲದವರು ಕಟ್ಟಿದ್ದು



ಗದಗದಿಂದ ಹುಬ್ಬಳ್ಳಿಯ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲಿಯೇ ಹುಲಕೋಟಿ ಸಿಗುತ್ತದೆ. ಹೆಸರಿಗೆ ಹಳ್ಳಿ. ಆದರೆ ಅಲ್ಲಿ ಸಹಕಾರಿ ನೂಲಿನ ಗಿರಣಿ, ಇಂಜಿನಿಯರಿಂಗ್ ಕಾಲೇಜು, ಗ್ರಾಮೀಣ ಆಸ್ಪತ್ರೆ, ಕೃಷಿ ವಿಜ್ಞಾನ ಕೇಂದ್ರ ಇವೆಲ್ಲ ತಲೆಯೆತ್ತಿದವು. ಒಂದು ಹಳ್ಳಿಗೆ ಇಷ್ಟೆಲ್ಲ ಹೇಗೆ ಬಂತು ಎಂದು ಕೇಳಿದರೆ ಹಿರಿಯರು ಒಂದೇ ಹೆಸರು ಹೇಳುತ್ತಾರೆ: ಕೆ. ಎಚ್. ಪಾಟೀಲ. ಜನ ಅವರನ್ನು 'ಹುಲಕೋಟಿಯ ಹುಲಿ' ಎಂದು ಕರೆದರು.

ಪಾಟೀಲರು ಮಂತ್ರಿಗಳಾಗಿದ್ದರು, ರಾಜ್ಯ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಆದರೆ ಇತಿಹಾಸದ ವಿದ್ಯಾರ್ಥಿಗಳಾದ ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅಧಿಕಾರದಲ್ಲಿದ್ದವನು ಊರಿಗೆ ಒಳ್ಳೆಯದು ಮಾಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಖಜಾನೆಯ ಕೀಲಿಕೈ ಅವನ ಬಳಿ ಇರುತ್ತದೆ. ಕೀಲಿಕೈ ಕೈಬಿಟ್ಟ ಮೇಲೆ ರಾಜಕಾರಣಿ ಹಳ್ಳಿಗಾಗಿ ಏನು ಮಾಡಬಲ್ಲ? ಈ ಪ್ರಶ್ನೆಗೆ ಗದಗ ಸೀಮೆಯ ಚರಿತ್ರೆಯಲ್ಲಿ ಉತ್ತರವಿದೆ. ಆ ಉತ್ತರ ಪೂರ್ಣವಲ್ಲ ಎಂಬುದನ್ನೂ ಅದೇ ಚರಿತ್ರೆ ಹೇಳುತ್ತದೆ.

ಕಥೆ ಹುಲಕೋಟಿಗಿಂತ ಮೊದಲು ಕಣಗಿನಹಾಳದಲ್ಲಿ ಆರಂಭವಾಗುತ್ತದೆ. ಅದೂ ಗದಗ ತಾಲ್ಲೂಕಿನದೇ ಹಳ್ಳಿ. ಎರೆಭೂಮಿಯ ರೈತ ಹತ್ತಿ ಬೆಳೆಯುತ್ತಿದ್ದ. ಬೀಜಕ್ಕೆ, ಎತ್ತಿಗೆ, ಮಗಳ ಮದುವೆಗೆ ಸಾವಕಾರನ ಬಾಗಿಲಿಗೆ ಹೋಗುತ್ತಿದ್ದ. ಮಳೆ ಕೈಕೊಟ್ಟ ವರ್ಷ ಸಾಲ ಬೆಳೆಯಿತು, ಹೊಲ ಕರಗಿತು. ಜರ್ಮನಿಯಲ್ಲಿ ರೈಫೈಸನ್ ಎಂಬಾತ ಹಳ್ಳಿಗರ ಉಳಿತಾಯವನ್ನೇ ಕೂಡಿಸಿ ಹಳ್ಳಿಗರಿಗೇ ಸಾಲ ಕೊಡುವ ಸಂಘಗಳನ್ನು ಕಟ್ಟಿದ್ದ. ಆ ಮಾದರಿಯನ್ನು ನೋಡಿಕೊಂಡು ಬ್ರಿಟಿಷ್ ಸರ್ಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದರು. ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಇದು ಪ್ರಸಿದ್ಧವಾಗಿದೆ. ಆರಂಭದ ಬಂಡವಾಳ ಸುಮಾರು 2,000 ರೂಪಾಯಿ ಮಾತ್ರ. 1912ರಲ್ಲಿ ಬಂದ ಇನ್ನೊಂದು ಕಾಯಿದೆ ಸಾಲವಲ್ಲದೆ ಮಾರಾಟ, ವಸತಿ ಮೊದಲಾದ ಕೆಲಸಗಳಿಗೂ ಸಹಕಾರಿ ಸಂಘ ಕಟ್ಟಲು ದಾರಿ ತೆರೆಯಿತು.

1925ರಲ್ಲಿ ಹುಟ್ಟಿದ ಕೆ. ಎಚ್. ಪಾಟೀಲರು ಬೆಳೆದದ್ದು ಈ ಗಾಳಿಯಲ್ಲಿ. ಹತ್ತಿ ಬೆಳೆದವನಿಗೆ ಹತ್ತಿಯ ಬೆಲೆ ಮಾತ್ರ ಸಿಕ್ಕಿದರೆ ಸಾಲದು, ನೂಲಿನ ಲಾಭದಲ್ಲಿಯೂ ಪಾಲು ಸಿಗಬೇಕು ಎಂಬುದು ಸಹಕಾರಿ ನೂಲಿನ ಗಿರಣಿಯ ಹಿಂದಿನ ವಿಚಾರ. ಗಿರಣಿಯ ಷೇರು ರೈತನ ಹೆಸರಿನಲ್ಲಿರುತ್ತದೆ. ಸರ್ಕಾರ ಬದಲಾದರೂ ಆ ಷೇರಿನ ಒಡೆಯ ಬದಲಾಗುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1977ರಲ್ಲಿ ಪಾಟೀಲರು ತಮ್ಮದೇ ಪಕ್ಷದ ಮುಖ್ಯಮಂತ್ರಿ ದೇವರಾಜ ಅರಸರನ್ನು ಎದುರು ಹಾಕಿಕೊಂಡರು. ಆ ವರ್ಷದ ಕೊನೆಗೆ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. 1978ರ ಜನವರಿಯಲ್ಲಿ ಕಾಂಗ್ರೆಸ್ ಒಡೆಯಿತು. ಅರಸರು ಇಂದಿರಾ ಗಾಂಧಿಯವರ ಜೊತೆ ಹೋದರು, ಪಾಟೀಲರು ಬ್ರಹ್ಮಾನಂದ ರೆಡ್ಡಿಯವರ ಕಾಂಗ್ರೆಸ್ಸಿನಲ್ಲಿ ಉಳಿದರು. ಮುಂದಿನ ತಿಂಗಳ ಚುನಾವಣೆಯಲ್ಲಿ ಅರಸರ ಪಕ್ಷಕ್ಕೆ 149 ಸ್ಥಾನಗಳು ಬಂದವು. ಪಾಟೀಲರ ಪಕ್ಷ ನೆಲ ಕಚ್ಚಿತು. ಇನ್ನು 1983ರಿಂದ 1989ರವರೆಗೆ ಜನತಾ ಸರ್ಕಾರದ ಕಾಲದಲ್ಲಿ ಕಾಂಗ್ರೆಸ್ಸೇ ವಿರೋಧ ಪಕ್ಷವಾಯಿತು. ಹೀಗೆ ಅಧಿಕಾರದಿಂದ ದೂರವಿರುವುದು ಏನೆಂಬುದನ್ನು ಹುಲಕೋಟಿ ಬಲ್ಲದು. ಆದರೂ ಸಂಘಗಳು ನಡೆದವು. ಹುಲಕೋಟಿಯ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜು ಈ ದಶಕದ ಕೂಸೇ. ಹಳ್ಳಿಯ ಅಭಿವೃದ್ಧಿಗೆ ವಿಧಾನಸೌಧವೊಂದೇ ಬಾಗಿಲಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ಆದರೆ ಮಿತ್ರರೇ, ಇಲ್ಲಿಗೇ ನಿಲ್ಲಿಸಿದರೆ ಅದು ಹೊಗಳಿಕೆಯಾಗುತ್ತದೆ, ಇತಿಹಾಸವಾಗುವುದಿಲ್ಲ. ಷೇರು ಕೊಳ್ಳಲು ಕೈಯಲ್ಲಿ ನಾಲ್ಕು ಕಾಸಿರಬೇಕು, ಸಾಲ ಸಿಗಲು ಹೆಸರಿನಲ್ಲಿ ಹೊಲವಿರಬೇಕು. ಎರಡೂ ಇಲ್ಲದವನ ಗತಿ ಏನು? ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಮನೆಯ ವಿಷಯದಲ್ಲಿ.

ಈ ಭಾಗದ ಮನೆಗಳನ್ನು ನೋಡಿ. ಬೆಟಗೇರಿಯ ನೇಕಾರನಿಗೆ ಮನೆ ಎಂದರೆ ತಲೆಯ ಮೇಲಿನ ಸೂರು ಮಾತ್ರವಲ್ಲ; ಕುಣಿಮಗ್ಗ ಇರುವುದೂ ಅಲ್ಲಿಯೇ. ಮಾಳಿಗೆ ಸೋರಿದರೆ ಹಾಸು ನೆನೆಯುತ್ತದೆ, ಮಗ್ಗ ನಿಲ್ಲುತ್ತದೆ, ಅಂದಿನ ಕೂಲಿ ಹೋಗುತ್ತದೆ. ಎರೆಭೂಮಿಯ ಹಳ್ಳಿಗಳಲ್ಲಿ ಇನ್ನೊಂದು ಕಷ್ಟ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬುನಾದಿ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳುತ್ತದೆ. ಆಳಕ್ಕೆ ಹೋದರೆ ಖರ್ಚು ಏರುತ್ತದೆ. 'ಕಡಿಮೆ ವೆಚ್ಚದ ಮನೆ' ಎಂಬ ಮಾತು ಬೆಂಗಳೂರಿನ ಕಾಗದದ ಮೇಲೆ ಸುಲಭ, ಎರೆಹೊಲದ ಅಂಚಿನಲ್ಲಿ ಅಷ್ಟು ಸುಲಭವಲ್ಲ. ಶಿರಹಟ್ಟಿ, ಮುಂಡರಗಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಕಷ್ಟ ಮತ್ತೂ ಮೂಲದ್ದು. ದಾಖಲೆಯಲ್ಲಿ ಊರೇ ಅಲ್ಲದ ಜಾಗದಲ್ಲಿ ತಲೆಮಾರುಗಳಿಂದ ಇದ್ದವರಿಗೆ ಮನೆಯಿತ್ತು, ಮನೆಯ ಕೆಳಗಿನ ನೆಲ ಅವರದಾಗಿರಲಿಲ್ಲ.

ಇಂಥವರಿಗೆ ಸರ್ಕಾರವೇ ಬೇಕಾಯಿತು. ನಿವೇಶನವಿಲ್ಲದ ಬಡವರಿಗೆ ನಿವೇಶನ ಹಂಚಿದ್ದು, ಜನತಾ ಮನೆಗಳನ್ನು ಕಟ್ಟಿಸಿದ್ದು ಪಾಟೀಲರು ಎದುರಿಸಿದ ಅದೇ ದೇವರಾಜ ಅರಸರ ಸರ್ಕಾರ. ಆಮೇಲೆ 1985ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991-92ರಲ್ಲಿ ರಾಜ್ಯದ ಆಶ್ರಯ ಯೋಜನೆ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಬಂದವು. ದಾಖಲೆ ಇಲ್ಲದ ತಾಂಡಾ, ಹಟ್ಟಿಗಳಲ್ಲಿ ವಾಸವಿರುವವರಿಗೆ ಆ ನೆಲದ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಹೆಸರುಗಳು ಬದಲಾದವು, ಪಕ್ಷಗಳು ಬದಲಾದವು, ಕೆಲಸ ಮಾತ್ರ ಮುಗಿಯಲಿಲ್ಲ.

ಹಾಗಾದರೆ ಯಾರು ಸರಿ? ಕೊಟ್ಟವರೋ, ಕಟ್ಟಿದವರೋ? ಎರಡೂ ದಾರಿಗಳಿಗೆ ಒಂದೊಂದು ಬಲವಿದೆ, ಒಂದೊಂದು ಕೊರತೆಯಿದೆ. ಸರ್ಕಾರದ ಕೈ ಕಡುಬಡವನವರೆಗೆ ಚಾಚಬಲ್ಲದು. ಆದರೆ ಪಟ್ಟಿಯಲ್ಲಿ ಹೆಸರು ಬರೆಯುವ ಅಧಿಕಾರ ಯಾರದೋ ಕೈಯಲ್ಲಿರುತ್ತದೆ, ಬಡವ ಕೈಮುಗಿದು ನಿಲ್ಲಬೇಕಾಗುತ್ತದೆ. ಸಂಘದಲ್ಲಿ ಸದಸ್ಯ ಕೈಮುಗಿಯಬೇಕಿಲ್ಲ, ಲೆಕ್ಕ ಕೇಳಬಹುದು. ಆದರೆ ಸದಸ್ಯನಾಗುವ ಶಕ್ತಿಯೇ ಇಲ್ಲದವ ಹೊರಗೆ ಉಳಿಯುತ್ತಾನೆ.

ಈ ಎರಡನ್ನೂ ಹೊಂದಿಸುವ ಪ್ರಯತ್ನವೇ ಪಂಚಾಯತ್ ರಾಜ್ಯ. ಜನತಾ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ತಂದ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಯ ನಂತರ 1993ರಲ್ಲಿ ಹೊಸ ಪಂಚಾಯತ್ ರಾಜ್ ಕಾಯಿದೆ ಬಂತು. ಮನೆ ಯಾರಿಗೆ ಸಿಗಬೇಕು ಎಂಬ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯ ಮುಂದೆ ಬರಬೇಕಾಯಿತು. ಪಾಟೀಲರು 1992ರಲ್ಲಿಯೇ ತೀರಿಕೊಂಡಿದ್ದರು. ಅವರ ಮಗ ಎಚ್. ಕೆ. ಪಾಟೀಲರು ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದವರು. 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾದರು. ಅವರ ಅವಧಿಯಲ್ಲಿಯೇ ಆ ಕಾಯಿದೆಗೆ 'ಗ್ರಾಮ ಸ್ವರಾಜ್' ಎಂಬ ಹೆಸರು ಸೇರಿತು, ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಆರಂಭವಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಗ್ರಾಮಸಭೆಯಲ್ಲಿ ಆಳುವ ಪಕ್ಷದ ಬೆಂಚು, ವಿರೋಧ ಪಕ್ಷದ ಬೆಂಚು ಎಂದು ಬೇರೆ ಬೇರೆ ಇರುವುದಿಲ್ಲ. ಎದ್ದು ನಿಂತು ಲೆಕ್ಕ ಕೇಳುವ ಯಾವ ಮತದಾರನೂ, ಯಾವ ತಾಯಿಯೂ ಆ ಹೊತ್ತಿಗೆ ವಿರೋಧ ಪಕ್ಷವೇ. ವಿಧಾನಸಭೆಯಲ್ಲಿ ಒಬ್ಬ ಶಾಸಕ ಕೇಳುವ ಪ್ರಶ್ನೆಗಿಂತ 'ಸೋರುವ ಮನೆಯ ಮುದುಕಿಯ ಹೆಸರು ಪಟ್ಟಿಯಲ್ಲಿ ಏಕಿಲ್ಲ?' ಎಂದು ಊರ ಚಾವಡಿಯಲ್ಲಿ ಕೇಳುವ ಪ್ರಶ್ನೆ ಚಿಕ್ಕದಲ್ಲ. ಆ ಪ್ರಶ್ನೆ ಕೇಳುವವರಿಲ್ಲದ ಊರಿನಲ್ಲಿ ಒಳ್ಳೆಯ ಕಾಯಿದೆಯೂ ಕಪಾಟಿನಲ್ಲಿ ಉಳಿಯುತ್ತದೆ.

ನೀವು ಲಕ್ಷ್ಮೇಶ್ವರದವರಿರಲಿ, ಮುಂಡರಗಿಯವರಿರಲಿ, ದೂರದ ಬೇರೆ ಜಿಲ್ಲೆಯವರಿರಲಿ, ಬಿಡುವಿದ್ದಾಗ ಎರಡು ಕೆಲಸ ಮಾಡಿ. ನಿಮ್ಮೂರಿನ ಸಹಕಾರಿ ಸಂಘ ಯಾವ ವರ್ಷ ಆರಂಭವಾಯಿತು, ಮೊದಲ ಸದಸ್ಯರು ಯಾರು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಮುಂದಿನ ಗ್ರಾಮಸಭೆಗೆ ಹೋಗಿ, ಮನೆಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆಯೇ ಎಂದು ಕಿವಿಗೊಟ್ಟು ಕೇಳಿ. ಓದದಿದ್ದರೆ, ಓದಿರೆಂದು ಹೇಳಿ. ಕಣಗಿನಹಾಳದಲ್ಲಿ 1905ರಲ್ಲಿ ಕೂಡಿ ಕುಳಿತವರ ಬಳಿಯೂ ಖಜಾನೆಯ ಕೀಲಿಕೈ ಇರಲಿಲ್ಲ.