ಡೀಸೆಲ್ ಕಣಶೋಧಕದ ಸೆನ್ಸರ್ ದೋಷಪತ್ತೆ: ಬೆಳೆದು ಬಂದ ಬಗೆ

ಡೀಸೆಲ್ ಕಾರಿನ ಹೊಗೆಯಲ್ಲಿರುವ ಮಸಿಯನ್ನು ರಂಧ್ರಮಯ ಸೆರಾಮಿಕ್ ಗೋಡೆಗಳಲ್ಲಿ ತಡೆದು ಹಿಡಿಯುವ ಸಾಧನವೇ ಕಣಶೋಧಕ; ಗ್ಯಾರೇಜುಗಳ ಮಾತಿನಲ್ಲಿ ಡಿಪಿಎಫ್. ಹಿಡಿದ ಮಸಿಯನ್ನು ಆಗಾಗ ಸುಟ್ಟು ಶೋಧಕವನ್ನು ಖಾಲಿ ಮಾಡಬೇಕು. ಈ ಸುಡುವಿಕೆಗೆ ರೀಜನರೇಷನ್ ಎಂದು ಹೆಸರು. ಯಾವಾಗ ಸುಡಬೇಕು, ಸುಡುವಾಗ ಬಿಸಿ ಮಿತಿಯಲ್ಲಿದೆಯೇ, ಶೋಧಕ ಒಡೆದಿಲ್ಲವಷ್ಟೆ ಎಂಬುದನ್ನು ಎಂಜಿನ್ನಿನ ಕಂಪ್ಯೂಟರಾದ ಇಸಿಯು ಸೆನ್ಸರುಗಳ ಮೂಲಕ ತಿಳಿಯುತ್ತದೆ. ಶೋಧಕದ ಮುಂದಿನ ಮತ್ತು ಹಿಂದಿನ ಒತ್ತಡಗಳ ಅಂತರವನ್ನು ಅಳೆಯುವುದು ಒಂದು ಸೆನ್ಸರ್, ಹೊಗೆಯ ಬಿಸಿಯನ್ನು ಅಳೆಯುವುದು ಇನ್ನೊಂದು. ಇತ್ತೀಚಿನ ಕೆಲವು ವಾಹನಗಳಲ್ಲಿ ಮಸಿ ಸೆನ್ಸರ್ ಮೂರನೆಯದಾಗಿ ಸೇರಿದೆ. ಇವುಗಳಲ್ಲಿ ಯಾವುದೂ ಶೋಧಕದೊಳಗಿನ ಮಸಿಯನ್ನು ನೇರವಾಗಿ ಕಾಣುವುದಿಲ್ಲ. ಒತ್ತಡದಿಂದ ಮಸಿಯನ್ನು, ಬಿಸಿಯಿಂದ ದಹನವನ್ನು ಇಸಿಯು ಊಹಿಸುತ್ತದೆ. ಆದ್ದರಿಂದ ಸ್ಕ್ಯಾನರಿನಲ್ಲಿ ಮೂಡುವ ಸೆನ್ಸರ್ ದೋಷದ ಕೋಡ್ ಒಂದು ದೂರು ಮಾತ್ರ, ತೀರ್ಪಲ್ಲ. ಈ ದೋಷಪತ್ತೆಯ ನಲವತ್ತು ವರ್ಷಗಳ ಇತಿಹಾಸ ಮತ್ತೆ ಮತ್ತೆ ತೋರಿಸಿರುವುದು ಇದನ್ನೇ: ಒಂದು ಪರೋಕ್ಷ ಅಳತೆಯನ್ನು ಸ್ವತಂತ್ರವಾದ ಇನ್ನೊಂದು ಅಳತೆಯಿಂದ ಒರೆಗೆ ಹಚ್ಚದೆ ಸೆನ್ಸರನ್ನಾಗಲಿ ಶೋಧಕವನ್ನಾಗಲಿ ದೋಷಿಯೆನ್ನಲಾಗದು.

ಈ ಅಳತೆಯ ಬೇರು ಡೀಸೆಲ್ ಎಂಜಿನ್ನಿಗಿಂತ ಹಳೆಯದು. ಫ್ರಾನ್ಸಿನ ದಿಜಾನ್ ನಗರದ ನೀರು ಪೂರೈಕೆಯನ್ನು ಕಟ್ಟಿದ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನ ಮೂಲಕ ನೀರು ಹರಿಯುವ ಬಗೆಯನ್ನು ಅಳೆದು 1856ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ರಂಧ್ರಮಯ ವಸ್ತುವಿನ ಎರಡು ಬದಿಗಳ ಒತ್ತಡದ ಅಂತರ ಅದರ ಮೂಲಕ ಹರಿಯುವ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ. ವಸ್ತುವಿನ ರಂಧ್ರಗಳು ಕಟ್ಟಿದಷ್ಟೂ ಅದೇ ಹರಿವಿಗೆ ಹೆಚ್ಚು ಒತ್ತಡ ಬೇಕಾಗುತ್ತದೆ. ಅಮೆರಿಕದ ಕಾರ್ನಿಂಗ್ ಕಂಪನಿ 1970ರ ದಶಕದಲ್ಲಿ ಜೇನುಗೂಡಿನಂಥ ಸೆರಾಮಿಕ್ ರಚನೆಯನ್ನು ಹೊಗೆ ಶುಚಿಗೊಳಿಸುವ ವೇಗವರ್ಧಕಗಳಿಗಾಗಿ (ಕ್ಯಾಟಲಿಟಿಕ್ ಕನ್ವರ್ಟರ್) ರೂಪಿಸಿತು. ಮುಂದೆ ಅದರ ಕಾಲುವೆಗಳ ತುದಿಗಳನ್ನು ಒಂದು ಬಿಟ್ಟು ಒಂದರಂತೆ ಮುಚ್ಚಿ, ಹೊಗೆ ಗೋಡೆಯನ್ನು ತೂರಿಕೊಂಡೇ ಹೊರಹೋಗುವಂತೆ ಮಾಡಿದಾಗ ಇಂದಿನ ಶೋಧಕದ ಮೂಲರೂಪ ಹುಟ್ಟಿತು. ಮರ್ಸಿಡಿಸ್ ಬೆಂಜ್ 1985ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ ಟರ್ಬೊ ಡೀಸೆಲ್ ಕಾರುಗಳಲ್ಲಿ ಶೋಧಕವನ್ನು ಟರ್ಬೊ ಚಾರ್ಜರಿಗೂ ಮುಂಚೆ, ಹೊಗೆ ಅತ್ಯಂತ ಬಿಸಿಯಾಗಿರುವ ಜಾಗದಲ್ಲಿ ಇಟ್ಟಿತ್ತು. ಬಿಸಿಯಿಂದಲೇ ಮಸಿ ತಾನಾಗಿ ಉರಿದುಹೋಗಲಿ ಎಂಬುದು ಉದ್ದೇಶ. ಸೆರಾಮಿಕ್ ಒಡೆದರೆ ಚೂರುಗಳು ಟರ್ಬೊವಿಗೇ ಬಡಿಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ಆ ವ್ಯವಸ್ಥೆಯನ್ನು ಕೈಬಿಡಲಾಯಿತು. ಶೋಧಕವನ್ನು ಅದರ ಪಾಡಿಗೆ ಬಿಟ್ಟರೆ ಬಾಳುವುದಿಲ್ಲ, ಅದರ ಸ್ಥಿತಿಯನ್ನು ಬಲ್ಲ ನಿಯಂತ್ರಣ ಬೇಕು ಎಂಬುದು ಆ ಅನುಭವದ ಪಾಠ.

ಆ ಸ್ಥಿತಿಯನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಸಿದ್ಧಾಂತದ ಉತ್ತರ 1989ರಲ್ಲಿ ಬಂತು. ಅಥನಾಸಿಯೋಸ್ ಕಾನ್‌ಸ್ಟಾಂಡೋಪೌಲೋಸ್ ಮತ್ತು ಜಾನ್ ಜಾನ್ಸನ್ ಆ ವರ್ಷ ಪ್ರಕಟಿಸಿದ ಪ್ರಬಂಧ, ಗೋಡೆ ತೂರಿ ಹರಿಯುವ ಶೋಧಕದಲ್ಲಿ ಒತ್ತಡ ಎಲ್ಲೆಲ್ಲಿ ಎಷ್ಟು ಕುಸಿಯುತ್ತದೆ ಎಂಬುದಕ್ಕೆ ಗಣಿತದ ಮಾದರಿಯನ್ನು ಕೊಟ್ಟಿತು. ಅಳೆಯುವ ಉಪಕರಣವೂ ಅಷ್ಟರಲ್ಲಿ ಸಿದ್ಧವಿತ್ತು. ಸಿಲಿಕಾನನ್ನು ಒತ್ತಿದಾಗ ಅದರ ವಿದ್ಯುತ್ ರೋಧ ಬದಲಾಗುವುದನ್ನು ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಸ್ಮಿತ್ 1954ರಲ್ಲೇ ವರದಿ ಮಾಡಿದ್ದರು. ಇಂದಿನ ಒತ್ತಡ ಸೆನ್ಸರಿನ ಒಳಗಿನ ತೆಳುಪೊರೆ ಅದೇ ಗುಣದಿಂದ ಕೆಲಸ ಮಾಡುತ್ತದೆ. ಆದರೆ ಸಿದ್ಧಾಂತವೇ ಮಿತಿಯನ್ನೂ ತೋರಿಸಿತ್ತು. ಒತ್ತಡದ ಅಂತರ ಮಸಿಯೊಂದನ್ನೇ ಅವಲಂಬಿಸಿಲ್ಲ. ಹೊಗೆಯ ಹರಿವು, ಬಿಸಿ ಏರಿದಂತೆ ಹೆಚ್ಚುವ ಅನಿಲದ ಸ್ನಿಗ್ಧತೆ, ಗೋಡೆಯೊಳಗೆ ಇಳಿದ ಮಸಿ, ಗೋಡೆಯ ಮೇಲೆ ಪದರವಾಗಿ ಕೂತ ಮಸಿ, ಎಂಜಿನ್ ಆಯಿಲಿನಿಂದ ಬಂದು ಎಂದಿಗೂ ಉರಿಯದೆ ಉಳಿಯುವ ಬೂದಿ ಎಲ್ಲವೂ ಅದರಲ್ಲಿ ಬೆರೆತಿವೆ. ಅರ್ಧಂಬರ್ಧ ಸುಟ್ಟ ಶೋಧಕದಲ್ಲಿ ಮಸಿಯ ಪದರ ಬಿರುಕುಬಿಟ್ಟು ಹೊಗೆಗೆ ಸುಲಭದ ದಾರಿಯಾದರೆ, ಮಸಿ ಬಹಳ ಇದ್ದೂ ಒತ್ತಡ ಕಡಿಮೆ ಕಾಣಬಹುದು. ಹೀಗೆ ಒಂದೇ ಅಂಕಿಗೆ ಹಲವು ಕಾರಣಗಳಿರುವುದು ಸೆನ್ಸರಿನ ದೌರ್ಬಲ್ಯವಲ್ಲ, ಆ ಅಳತೆಯ ಸ್ವಭಾವ.

ಈ ಸ್ವಭಾವವನ್ನು ಒಪ್ಪಿಕೊಂಡು ಕಟ್ಟಿದ ಮೊದಲ ಯಶಸ್ವಿ ವ್ಯವಸ್ಥೆ 2000ದಲ್ಲಿ ಪಿಯೂಜೊ 607 ಕಾರಿನ ಜೊತೆ ರಸ್ತೆಗಿಳಿಯಿತು. ಮಸಿ ಸಾಮಾನ್ಯವಾಗಿ 550ರಿಂದ 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉರಿಯುತ್ತದೆ. ಸೀರಿಯಂ ಬೆರೆಸಿದ ದ್ರವವನ್ನು ಡೀಸೆಲ್ಲಿಗೆ ಸೇರಿಸಿ ಪಿಯೂಜೊ ಆ ಮಟ್ಟವನ್ನು ಸುಮಾರು 450 ಡಿಗ್ರಿಗೆ ಇಳಿಸಿತು. ಕಾಮನ್ ರೈಲ್ ಇಂಜೆಕ್ಷನ್ ಇದ್ದುದರಿಂದ ದಹನದ ನಂತರ ತುಸು ಡೀಸೆಲ್ ಸಿಂಪಡಿಸಿ ಹೊಗೆಯನ್ನು ಬೇಕೆಂದಾಗ ಕಾಯಿಸುವುದೂ ಸಾಧ್ಯವಾಯಿತು. ಯಾವಾಗ ಕಾಯಿಸಬೇಕೆಂದು ಹೇಳುವ ಕೆಲಸ ಒತ್ತಡ ಮತ್ತು ತಾಪದ ಸೆನ್ಸರುಗಳದು. ಶೋಧಕದಲ್ಲಿ ಉಳಿದ ಬೂದಿಯನ್ನು ಮೊದಲಿಗೆ ಸುಮಾರು 80,000 ಕಿ.ಮೀ.ಗೊಮ್ಮೆ ತೊಳೆಯಬೇಕಿತ್ತು. ಮುಂದೆ ಬಂದ ಇಸಿಯುಗಳು ಮಸಿಯನ್ನು ಎರಡು ದಾರಿಯಲ್ಲಿ ಅಂದಾಜಿಸತೊಡಗಿದವು: ಒತ್ತಡದಿಂದ ಕಂಡುಕೊಂಡದ್ದು ಒಂದು, ಎಂಜಿನ್ ಓಡಿದ ರೀತಿಯಿಂದ ಲೆಕ್ಕ ಹಾಕಿದ್ದು ಇನ್ನೊಂದು. ಒಂದೇ ಅಳತೆಯನ್ನು ನಂಬಲಾಗದು ಎಂಬ ತತ್ವವನ್ನು ತಯಾರಕರೇ ತಮ್ಮ ತಂತ್ರಾಂಶದಲ್ಲಿ ಬರೆದಿಟ್ಟರು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ದುರಸ್ತಿಯ ಜಗತ್ತು ಆ ತತ್ವವನ್ನು ಅಷ್ಟೇ ಬೇಗ ಕಲಿಯಲಿಲ್ಲ.

ಕಲಿಯದಿರುವುದಕ್ಕೆ ಕಾನೂನು ತಂದ ಕೋಡ್ ಪದ್ಧತಿಯೂ ಒಂದು ಕಾರಣ. ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಆನ್‌ಬೋರ್ಡ್ ದೋಷಪತ್ತೆಯ ಎರಡನೆಯ ಹಂತ 1996ರ ಹೊತ್ತಿಗೆ ಅಮೆರಿಕದ ಪೆಟ್ರೋಲ್ ಕಾರುಗಳಿಗೆಲ್ಲ ಅನ್ವಯವಾಯಿತು. ಯೂರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ, ಡೀಸೆಲ್ ಕಾರುಗಳಿಗೆ 2004ರಲ್ಲಿ ಅದು ಕಡ್ಡಾಯವಾಯಿತು. ಹದಿನಾರು ಪಿನ್ನಿನ ಒಂದೇ ಬಗೆಯ ಪ್ಲಗ್ಗು, ಎಲ್ಲರಿಗೂ ಒಂದೇ ಅರ್ಥದ ಕೋಡುಗಳು ಗ್ಯಾರೇಜುಗಳಿಗೆ ದೊಡ್ಡ ವರವಾದವು. ಒತ್ತಡ ಸೆನ್ಸರಿನ ಸರ್ಕ್ಯೂಟಿಗೆ ಪಿ2452, ಅದರ ಅಂಕಿ ನಂಬುವಂತಿಲ್ಲ ಎನ್ನಲು ಪಿ2453, ಸಂಕೇತ ತೀರಾ ಕಡಿಮೆಯಾದರೆ ಪಿ2454, ಹೆಚ್ಚಾದರೆ ಪಿ2455, ಮಸಿ ತುಂಬಿದೆ ಎನ್ನಲು ಪಿ2463, ಶೋಧಕದ ದಕ್ಷತೆ ಕುಸಿದಿದೆ ಎನ್ನಲು ಪಿ2002. ಈ ಪಟ್ಟಿಯನ್ನು ಸರಿಯಾಗಿ ಓದಿದರೆ ಇವು ಎರಡು ಜಾತಿಯವೆಂದು ತಿಳಿಯುತ್ತದೆ. ಸರ್ಕ್ಯೂಟಿನ ಕೋಡುಗಳು ವಿದ್ಯುತ್ತಿನ ಮಾತು: ವೈರು ತುಂಡಾಗಿದೆ, ಶಾರ್ಟ್ ಆಗಿದೆ, ವೋಲ್ಟೇಜ್ ಮಿತಿ ಮೀರಿದೆ. ಉಳಿದವು ತರ್ಕದ ಮಾತು: ಬಂದ ಅಂಕಿ ಈ ಹರಿವಿಗೆ, ಈ ಬಿಸಿಗೆ ಹೊಂದುತ್ತಿಲ್ಲ. ಮೊದಲನೆಯ ಜಾತಿ ಕೋಡು ವೈರನ್ನೂ ಸೆನ್ಸರನ್ನೂ ಶಂಕಿಸುತ್ತದೆ. ಎರಡನೆಯದು ಇಡೀ ಹೊಗೆದಾರಿಯನ್ನೇ ಶಂಕಿಸುತ್ತದೆ. ಎರಡಕ್ಕೂ ಸೆನ್ಸರ್ ಬದಲಿಸುವುದೊಂದೇ ಮದ್ದು ಎಂಬ ರೂಢಿ ಬೆಳೆದದ್ದೇ ಈ ಕ್ಷೇತ್ರದ ದೊಡ್ಡ ಎಡವಟ್ಟು.

ಪಿ2453ನ್ನೇ ನೋಡಬಹುದು. ಒತ್ತಡ ಸೆನ್ಸರಿಗೆ ಶೋಧಕದಿಂದ ಸಾಮಾನ್ಯವಾಗಿ ಎರಡು ಸಣ್ಣ ಕೊಳವೆಗಳು ಬರುತ್ತವೆ, ಇಸಿಯುವಿನಿಂದ ಮೂರು ವೈರುಗಳು: 5 ವೋಲ್ಟ್ ಪೂರೈಕೆ, ಅರ್ತ್ ಮತ್ತು ಸಂಕೇತ. ಮುಂದಿನ ಕೊಳವೆ ಕಳಚಿದರೆ, ಸೀಳಿದರೆ ಅಥವಾ ಮಸಿಯಿಂದ ಕಟ್ಟಿದರೆ ಒತ್ತಡ ಕಡಿಮೆ ಕಾಣುತ್ತದೆ. ಎರಡು ಕೊಳವೆಗಳನ್ನು ಅದಲುಬದಲಾಗಿ ಜೋಡಿಸಿದರೆ ಅಂಕಿ ಋಣಕ್ಕಿಳಿಯುತ್ತದೆ. ಹೊಗೆಯ ನೀರಾವಿ ಕೊಳವೆಯಲ್ಲಿ ನೀರಾಗಿ ನಿಂತರೆ ಅಂಕಿ ತೂಗಾಡುತ್ತದೆ. ಚಳಿಯ ದೇಶಗಳಲ್ಲಿ ಆ ನೀರು ಹೆಪ್ಪುಗಟ್ಟುವುದೂ ಉಂಟು. ಇಷ್ಟೆಲ್ಲದರಲ್ಲೂ ಸೆನ್ಸರ್ ತನ್ನ ಬಾಯಿಗೆ ಬಂದ ಒತ್ತಡವನ್ನು ಪ್ರಾಮಾಣಿಕವಾಗಿಯೇ ವರದಿ ಮಾಡಿರುತ್ತದೆ. ಪರಿಣಾಮಗಳು ಮಾತ್ರ ಸಣ್ಣವಲ್ಲ. ಅಂಕಿ ಸುಳ್ಳಾಗಿ ಕಡಿಮೆ ಕಂಡರೆ ಮಸಿ ಅತಿಯಾಗಿ ಕೂಡಿ, ಒಮ್ಮೆಲೇ ಹೊತ್ತಿ, ಸೆರಾಮಿಕ್ಕನ್ನೇ ಸೀಳಬಹುದು. ಸುಳ್ಳಾಗಿ ಹೆಚ್ಚು ಕಂಡರೆ ಇಸಿಯು ಪದೇ ಪದೇ ರೀಜನರೇಷನ್ ನಡೆಸಿ, ಉರಿಯದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ.

ಹಾಗಾದರೆ ಸೆನ್ಸರ್ ನಿಜವಾಗಿ ಕೆಟ್ಟಿದೆಯೆಂದು ಸಾಬೀತುಪಡಿಸುವುದು ಹೇಗೆ? ಬಳಕೆಯಲ್ಲಿ ನೆಲೆಗೊಂಡ ಕ್ರಮ ಸರಳವಾಗಿದೆ, ದುಬಾರಿ ಉಪಕರಣವನ್ನೂ ಬೇಡುವುದಿಲ್ಲ. ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಮಾಡಿದಾಗ ಶೋಧಕದ ಎರಡೂ ಬದಿಯಲ್ಲಿ ಇರುವುದು ಒಂದೇ ಗಾಳಿ. ಅಂಕಿ ಸೊನ್ನೆಯ ಹತ್ತಿರ ಇರಬೇಕು, ಹಲವು ಸೆನ್ಸರುಗಳಲ್ಲಿ ಸಂಕೇತ ಸುಮಾರು ಅರ್ಧ ವೋಲ್ಟ್ ಇರಬೇಕು. ಇಲ್ಲದಿದ್ದರೆ ಎರಡೂ ಕೊಳವೆಗಳನ್ನು ಸೆನ್ಸರಿನಿಂದ ಕಳಚಿ ನೋಡಬೇಕು. ಆಗಲೂ ಸೊನ್ನೆಗೆ ಬಾರದಿದ್ದರೆ, ಪೂರೈಕೆಯ 5 ವೋಲ್ಟೂ ಅರ್ತೂ ಸರಿಯಿದ್ದರೆ, ಶಂಕೆ ಸೆನ್ಸರಿನ ಮೇಲೆ ಗಟ್ಟಿಯಾಗುತ್ತದೆ. ಸೊನ್ನೆ ಸರಿಯಿದ್ದರೆ ಗೇಜು ಇರುವ ಕೈಪಂಪಿನಿಂದ ತಿಳಿದಷ್ಟು ಒತ್ತಡ ಕೊಟ್ಟು ಸ್ಕ್ಯಾನರಿನ ಅಂಕಿಯೊಂದಿಗೆ ಹೋಲಿಸಬೇಕು. ಎರಡೂ ಹೊಂದಿದರೆ ಸೆನ್ಸರ್ ನಿರ್ದೋಷಿ. ಹುಡುಕಾಟ ಕೊಳವೆಗೆ, ಶೋಧಕಕ್ಕೆ, ಎಂಜಿನ್ನಿಗೆ ಹೋಗಬೇಕು. ಹೊಸ ಸೆನ್ಸರ್ ಹಾಕಿದ ಮೇಲೂ ಅನೇಕ ಕಾರುಗಳಲ್ಲಿ ಅದರ ಸೊನ್ನೆಯನ್ನು ಇಸಿಯುವಿಗೆ ಹೊಸದಾಗಿ ಕಲಿಸಬೇಕಾಗುತ್ತದೆ. ಅದನ್ನು ಬಿಟ್ಟರೆ ಹಳೆಯ ಕೋಡು ಹೊಸ ಸೆನ್ಸರಿನ ಮೇಲೂ ಮರಳುತ್ತದೆ. ತಾಪ ಸೆನ್ಸರುಗಳಿಗೂ ಇದೇ ತರ್ಕ. ರಾತ್ರಿಯಿಡೀ ನಿಂತ ಕಾರಿನಲ್ಲಿ ಹೊಗೆಯ, ಕೂಲಂಟಿನ ಮತ್ತು ಒಳಗಾಳಿಯ ಅಂಕಿಗಳು ಹೆಚ್ಚು ಕಡಿಮೆ ಒಂದೇ ಆಗಿರಬೇಕು. ಒಂದು ಮಾತ್ರ ದೂರ ನಿಂತರೆ ಆ ಸೆನ್ಸರನ್ನೂ ಅದರ ವೈರನ್ನೂ ಪರೀಕ್ಷಿಸಬೇಕು.

ಈ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಒತ್ತಡ ಸೆನ್ಸರಿನ ಬೆಲೆ ಶೋಧಕದ ಬೆಲೆಯ ಮುಂದೆ ಅಲ್ಪ. ಗಂಟೆಗಟ್ಟಲೆ ಪರೀಕ್ಷಿಸುವ ಬದಲು ಬದಲಿಸಿಬಿಡುವುದೇ ಗ್ರಾಹಕನಿಗೆ ಲಾಭ ಎಂಬುದು ಮೊದಲನೆಯದು. ಸೆನ್ಸರುಗಳು ನಿಜವಾಗಿಯೂ ಕೆಡುತ್ತವೆ, ಆದ್ದರಿಂದ ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಮೇಲೆ ಹೇಳಿದ ಸೊನ್ನೆಯ ಪರೀಕ್ಷೆಗೆ ಗಂಟೆಗಳು ಬೇಡ, ನಿಮಿಷಗಳು ಸಾಕು. ಮೂಲ ಕಾರಣ ಬೇರೆಡೆ ಇದ್ದರೆ ಹೊಸ ಸೆನ್ಸರ್ ಸಮಯವನ್ನು ಮಾತ್ರ ಕೊಳ್ಳುತ್ತದೆ, ಅಷ್ಟರಲ್ಲಿ ದುಬಾರಿಯಾದ ಶೋಧಕ ಹಾಳಾಗುತ್ತದೆ. ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2022ರಲ್ಲಿ ತೀರ್ಮಾನಿಸಿದ ಟೊಯೋಟಾ ಪ್ರಕರಣ ಇದಕ್ಕೆ ಬಲವಾದ ಸಾಕ್ಷ್ಯ. 2015ರ ಅಕ್ಟೋಬರಿನಿಂದ 2020ರ ಏಪ್ರಿಲ್ ವರೆಗೆ ಮಾರಿದ 2.6 ಲಕ್ಷಕ್ಕೂ ಹೆಚ್ಚು ಹೈಲಕ್ಸ್, ಫಾರ್ಚೂನರ್ ಮತ್ತು ಪ್ರಾಡೊ ವಾಹನಗಳ ಶೋಧಕ ವ್ಯವಸ್ಥೆಯಲ್ಲಿ ದೋಷವಿತ್ತೆಂದು ನ್ಯಾಯಾಲಯ ಕಂಡಿತು. ಹೆದ್ದಾರಿಯ ವೇಗದಲ್ಲಿ ನಿರಂತರವಾಗಿ ಓಡಿದಾಗ ಶೋಧಕಕ್ಕೂ ಮುಂಚಿನ ವೇಗವರ್ಧಕದ ಮೇಲೆ ಕಲ್ಮಶ ಕಟ್ಟಿಕೊಂಡು ರೀಜನರೇಷನ್ ಸರಿಯಾಗಿ ನಡೆಯುತ್ತಿರಲಿಲ್ಲ. ಎಚ್ಚರಿಕೆಯ ದೀಪ ಬೊಟ್ಟುಮಾಡಿದ್ದು ಶೋಧಕದತ್ತ, ಬೇರು ಇದ್ದದ್ದು ಅದಕ್ಕಿಂತ ಮೊದಲಿನ ವಿನ್ಯಾಸದಲ್ಲಿ. ಅಂಥಲ್ಲಿ ಎಷ್ಟು ಸೆನ್ಸರ್ ಬದಲಿಸಿದ್ದರೂ ಫಲವಿರಲಿಲ್ಲ.

ಹೊಗೆಯಲ್ಲಿರುವ ಮಸಿಯನ್ನೇ ಹಿಡಿಯುವ ಸೆನ್ಸರ್ ಬಂದ ಮೇಲೆ ಊಹೆಗೆ ಜಾಗವೆಲ್ಲಿ ಎಂಬುದು ಎರಡನೆಯ ಆಕ್ಷೇಪ. ಆ ಸೆನ್ಸರನ್ನು ಅಗತ್ಯವಾಗಿಸಿದ್ದೇ ಒತ್ತಡದ ಅಳತೆಯ ಮಿತಿ. 2009ರಲ್ಲಿ ಜಾರಿಗೆ ಬಂದ ಯೂರೋ 5 ನಿಯಮ ಕಾರು ಉಗುಳಬಹುದಾದ ಕಣಗಳನ್ನು ಕಿ.ಮೀ.ಗೆ 5 ಮಿಲಿಗ್ರಾಮಿಗೆ ಇಳಿಸಿತು. ಆದರೆ ದೋಷದ ದೀಪ ಹೊತ್ತಬೇಕಾದ ಮಟ್ಟವನ್ನು 50 ಮಿಲಿಗ್ರಾಮಿಗೆ ಇಟ್ಟಿತು. ಶೋಧಕದ ಸಣ್ಣ ಬಿರುಕು ಒತ್ತಡದಲ್ಲಿ ಕಾಣುವಷ್ಟು ವ್ಯತ್ಯಾಸ ಮಾಡುವುದಿಲ್ಲ, ಆದ್ದರಿಂದ ಅಷ್ಟು ಸಡಿಲಿಕೆ ಬೇಕಾಯಿತು. ಯೂರೋ 6ರ ಕೊನೆಯ ಹಂತದಲ್ಲಿ ಆ ಮಟ್ಟ 12 ಮಿಲಿಗ್ರಾಮಿಗೆ ಬಿಗಿಯಾದಾಗ ಶೋಧಕದ ಹಿಂದೆ ಮಸಿ ಸೆನ್ಸರ್ ಇಡುವುದು ಹೆಚ್ಚಿತು. ಅದರ ವಿದ್ಯುದ್ವಾರಗಳ ನಡುವೆ ಮಸಿ ಕೂತು ವಿದ್ಯುತ್ತಿಗೆ ದಾರಿಯಾಗುತ್ತದೆ. ಆಮೇಲೆ ಹೀಟರ್ ಅದನ್ನು ಸುಟ್ಟು ಶುಚಿಗೊಳಿಸುತ್ತದೆ. ಅಂದರೆ ಈ ಸೆನ್ಸರ್ ಕೂಡ ಅಳೆಯುವುದು ವಿದ್ಯುತ್ತನ್ನು, ಊಹಿಸುವುದು ಮಸಿಯನ್ನು. ಹೀಟರ್ ಕೆಟ್ಟರೆ, ತುದಿಗೆ ನೀರು ಬಡಿದರೆ, ಬೂದಿ ಕೂತರೆ ಅದೂ ತಪ್ಪುತ್ತದೆ. ಅದರ ನಿಜವಾದ ಬೆಲೆ ಒತ್ತಡದ ಸೆನ್ಸರಿಗೆ ಸ್ವತಂತ್ರವಾದ ಎರಡನೆಯ ಸಾಕ್ಷಿಯಾಗಿರುವುದರಲ್ಲಿದೆ.

ಕಾನೂನೂ ಕೊನೆಗೆ ಇದೇ ನಿಲುವಿಗೆ ಬಂದಿದೆ. ಶೋಧಕವನ್ನೇ ಕಿತ್ತುಹಾಕಿ, ಇಸಿಯುವಿಗೆ ಸುಳ್ಳು ಸಂಕೇತ ಕೊಡುವ ಇಲ್ಲವೆ ತಂತ್ರಾಂಶವನ್ನೇ ತಿದ್ದುವ ದಂಧೆ ಯೂರೋಪಿನಲ್ಲಿ ಬೆಳೆದಾಗ, ಕಾರು ತನ್ನ ಬಗ್ಗೆ ತಾನೇ ಹೇಳುವ ಮಾತನ್ನು ಮಾತ್ರ ನಂಬಲಾಗದೆಂದು ಸ್ಪಷ್ಟವಾಯಿತು. ಬ್ರಿಟನ್ 2014ರಿಂದ ವಾರ್ಷಿಕ ತಪಾಸಣೆಯಲ್ಲಿ ಶೋಧಕ ಇದೆಯೇ ಎಂದು ಕಣ್ಣಿಂದ ನೋಡುವುದನ್ನು ಕಡ್ಡಾಯ ಮಾಡಿತು. ಒಳಗಿನ ಸೆರಾಮಿಕ್ ತೆಗೆದು ಡಬ್ಬಿಯನ್ನು ಉಳಿಸಿದರೆ ಕಣ್ಣಿಗೆ ತಿಳಿಯದು. ಹೀಗಾಗಿ ಬೆಲ್ಜಿಯಂ 2022ರಲ್ಲಿ, ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಲ್ಲಿ ಹೊಗೆಕೊಳವೆಯ ತುದಿಯಲ್ಲೇ ಕಣಗಳನ್ನು ಎಣಿಸುವ ಪರೀಕ್ಷೆಯನ್ನು ತಂದವು. ಭಾರತ 2020ರ ಏಪ್ರಿಲ್ 1ರಂದು ಬಿಎಸ್ 4 ಮಾಲಿನ್ಯ ನಿಯಮದಿಂದ ನೇರವಾಗಿ ಬಿಎಸ್ 6ಕ್ಕೆ ಜಿಗಿದಾಗ ಡೀಸೆಲ್ ಕಾರುಗಳ ಕಣಮಿತಿ ಕಿ.ಮೀ.ಗೆ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು, ಡೀಸೆಲ್ಲಿನ ಗಂಧಕ 50ರಿಂದ 10 ಪಿಪಿಎಂಗೆ ಬಂತು, ಶೋಧಕವಿಲ್ಲದೆ ಡೀಸೆಲ್ ಕಾರು ಮಾರುವುದು ಅಸಾಧ್ಯವೆನ್ನುವಂತಾಯಿತು. ಬೆಂಗಳೂರಿನಂಥ ನಗರದಲ್ಲಿ ನಿಂತು ನಿಂತು ಸಾಗುವ ಓಡಾಟಕ್ಕೆ ರೀಜನರೇಷನ್ ಅರ್ಧಕ್ಕೆ ನಿಲ್ಲುವುದು ಸಹಜ. ಅಲ್ಲಿ ಹೊತ್ತಿದ ದೀಪದ ಹಿಂದೆ ಕೆಟ್ಟ ಸೆನ್ಸರಿಗಿಂತ ಪೂರ್ತಿಯಾಗದ ದಹನವೇ ಇರಬಹುದು. ನಮ್ಮ ಹೊಗೆ ತಪಾಸಣೆ ಇಂದಿಗೂ ಡೀಸೆಲ್ ಹೊಗೆಯ ದಟ್ಟತೆಯನ್ನು ನೋಡುತ್ತದೆ, ಕಣಗಳನ್ನು ಎಣಿಸುವುದಿಲ್ಲ. ಬಿರುಕುಬಿಟ್ಟ ಶೋಧಕ ಅದರ ಕಣ್ಣು ತಪ್ಪಿಸಬಲ್ಲದು. ಕಣ ಎಣಿಸುವ ಪರೀಕ್ಷೆ ಇಲ್ಲಿಯೂ ಬರಬೇಕು. ಅದು ಬರುವವರೆಗೆ, ಸೆನ್ಸರ್ ಬದಲಿಸಲು ಹಣ ಕೊಡುವ ಮುನ್ನ ಎಂಜಿನ್ ನಿಲ್ಲಿಸಿದಾಗ ಒತ್ತಡದ ಅಂಕಿ ಎಷ್ಟಿತ್ತು, ಕೊಳವೆಗಳನ್ನು ಬಿಚ್ಚಿ ನೋಡಿದಿರಾ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಡೀಸೆಲ್ ಕಾರಿನ ಮಾಲೀಕರೂ ಮೆಕ್ಯಾನಿಕ್ಕನ್ನು ಕೇಳಬೇಕು.